ತೊಲೆಗೊಂದು ಚೀಲ ಸವಳು ಮಣ್ಣು

ಈ ವರ್ಷ ರೋಹಿಣಿ ಮಳೆ ಹನಿಯುವ ಹೊತ್ತಿಗೆ ನಮ್ಮ ಮನೆಯ ಮುಂದಿನ ಡೆಕ್ಕಿನ ಮೂರನೆಯ ಹಲಗೆ ಕುಂಯ್ ಎನ್ನತೊಡಗಿತು. ಹಲಗೆ ಅಂದಮೇಲೆ ಕುಂಯ್ ಎನ್ನುತ್ತದೆ, ಅದರಲ್ಲೇನಿದೆ ಎಂದು ನೀವು ಕೇಳಬಹುದು. ನಮ್ಮ ಯಜಮಾನರೂ ಹಾಗೆಯೇ ಕೇಳಿದರು. ನೀವೂ ಅವರೂ ಪುಣ್ಯವಂತರು. ನನಗೆ ಹಾಗಲ್ಲ. ಒಂದು ಸದ್ದು ಕಿವಿಗೆ ಬಿದ್ದರೆ ಅದು ಎಲ್ಲಿಂದ ಬಂತು, ಎಂದಿನಿಂದ ಬರುತ್ತಿದೆ, ರಾತ್ರಿ ಹೆಚ್ಚೋ ಹಗಲು ಹೆಚ್ಚೋ ಎಂದು ವಿಚಾರಿಸುತ್ತ ಹೋಗುವ ಚಾಳಿ. ಊರೂರು ತಿರುಗಿ ಕೂಸುಗಳಿಗೆ ಸೂಜಿ ಹಾಕಿ, ಬಸುರಿಯರ ಕಾಲಿನ ಬಾವು ಒತ್ತಿ ನೋಡಿ ಸವೆಸಿದ ನೌಕರಿಯಿಂದ ಅಂಟಿಕೊಂಡದ್ದು. ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ನಾನು ‘ನರಸಬಾಯಿ’, ಮದುವೆಯಾಗಿ ಬಂದ ಈ ಶ್ರೀರಾಮನಗರದ ಕಡೆ ‘ನರ್ಸಮ್ಮ’. ನಿವೃತ್ತಿಯಾದ ಮೇಲೆ ಹೆಸರು ಎರಡೂ ಕಡೆ ಉಳಿದಿದೆ, ಕಾಲಿಗೆ ಕಟ್ಟಿದ ಚಕ್ರವೂ ಹಾಗೇ ಉಳಿದಿದೆ.

ಡೆಕ್ಕು ಅಂದರೆ ದೊಡ್ಡ ಸಂಗತಿಯೇನಲ್ಲ. ಭತ್ತದ ಗದ್ದೆಗೆ ಮುಖ ಮಾಡಿ, ನೆಲದಿಂದ ಮೊಣಕಾಲೆತ್ತರಕ್ಕೆ ಹಾಸಿದ ಹಲಗೆಯ ಜಗಲಿ. ನಾಲ್ಕು ಕುರ್ಚಿ ಹಿಡಿಸುತ್ತವೆ. ಪಕ್ಕದ ಮನೆಯ ಸುಬ್ಬಮ್ಮ ಅದನ್ನು ತನ್ನ ತೆಲುಗಿನಲ್ಲಿ ‘ಅರುಗು’ ಎನ್ನುತ್ತಾಳೆ, ತಾವರಗೇರಾದ ನನ್ನ ಅಣ್ಣ ‘ಹಲಗಿ ಕಟ್ಟಿ’ ಎನ್ನುತ್ತಾನೆ. ಡೆಕ್ಕು ಎನ್ನುವವರು ನಾವಿಬ್ಬರೇ. ಸಂಜೆ ಅಲ್ಲಿ ಕುಳಿತು ಚಹಾ ಕುಡಿಯುತ್ತ ಗದ್ದೆ ನೋಡಬೇಕು ಎಂಬುದು ಯಜಮಾನರ ಆಸೆ. ಅವರು ಕೂರುತ್ತಾರೆ ಕೂಡ. ನಾನು ಒಂದು ಗುಟುಕು ಕುಡಿದು ಏಳುತ್ತೇನೆ, ಮೆಟ್ಟಿಲಿಳಿಯುತ್ತೇನೆ, ಸೀರೆ ಎತ್ತಿ ಕಟ್ಟಿ, ಬಗ್ಗಿ ಹಲಗೆಯ ಕೆಳಗೆ ಇಣುಕುತ್ತೇನೆ. ಚಹಾ ಆರಿ ಹೋಗುತ್ತದೆ. ರಸ್ತೆಯಲ್ಲಿ ಹೋಗುವವರು ನರ್ಸಮ್ಮನ ಕೋಳಿ ಡೆಕ್ಕಿನ ಕೆಳಗೆ ಮೊಟ್ಟೆ ಇಡುತ್ತದೆ ಎಂದು ತಿಳಿದಿದ್ದಾರೆ. ನಮ್ಮಲ್ಲಿ ಕೋಳಿಯೇ ಇಲ್ಲ.

ಇರುವುದು ಒಂದು ತೊಲೆ. ನನ್ನ ತವರುಮನೆಯ ತೊಲೆ. ಬೇವಿನ ಮರದ್ದು, ಕಪ್ಪಾಗಿ ಕಬ್ಬಿಣದ ಹಾಗೆ ಆಗಿರುವಂಥದ್ದು, ನಡುವೆ ತೊಟ್ಟಿಲು ತೂಗುಹಾಕುವ ಉಂಗುರ ಇನ್ನೂ ಇರುವಂಥದ್ದು. ಮೇಲಿನ ಹಲಗೆಗಳೆಲ್ಲ ಗಂಗಾವತಿಯ ಕಟ್ಟಿಗೆ ಅಡ್ಡೆಯಲ್ಲಿ ಕೊಯ್ಸಿದ ಹೊಸವು. ಅವು ಹೋದರೆ ಇನ್ನೊಂದು ತರಬಹುದು. ಅವನ್ನೆಲ್ಲ ಹೊತ್ತು ಕೆಳಗೆ ಕತ್ತಲಲ್ಲಿ ಮಲಗಿರುವ ಈ ತೊಲೆ ಹೋದರೆ ಎಲ್ಲಿಂದ ತರುವುದು?

ತಾವರಗೇರಾದ ನಮ್ಮ ಮನೆ ಮಣ್ಣಿನ ಮಾಳಿಗೆಯದು. ಗೋಡೆಯಿಂದ ಗೋಡೆಗೆ ತೊಲೆ, ಅದರ ಮೇಲೆ ಅಡ್ಡಡ್ಡ ಜಂತಿ, ಜಂತಿಯ ಮೇಲೆ ಕಟ್ಟಿಗೆ ಸೀಳು, ಗೆದ್ದಲು ಮುಟ್ಟದಂತೆ ಬಂದರಿಕೆ ಸೊಪ್ಪು, ಅದರ ಮೇಲೆ ಮೊಳದಷ್ಟು ದಪ್ಪ ಮಣ್ಣು. ಎಲ್ಲಕ್ಕೂ ಮೇಲೆ ಸವಳು ಮಣ್ಣು. ಹೊಲದಲ್ಲಿ ಬೆಳ್ಳಗೆ ಉಪ್ಪುಪ್ಪಾಗಿ ಬಿದ್ದಿರುವ, ಬೆಳೆ ಬಾರದ, ಯಾರಿಗೂ ಬೇಡದ ಆ ಮಣ್ಣಿಗೆ ಮಾಳಿಗೆಯ ಮೇಲೆ ಮಾತ್ರ ಭಾರಿ ಮರ್ಯಾದೆ. ಮೊದಲ ಮಳೆಗೆ ಅದು ಕರಗಿ ಗಂಜಿಯಂತಾಗಿ ಎಲ್ಲ ಬಿರುಕಿಗೂ ಇಳಿದು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಹನಿ ನೀರು ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಪ್ರತಿ ವರ್ಷ ಮೃಗಶಿರ ಮಳೆಗೆ ಮುಂಚೆ, ನಮ್ಮ ಬಾಯಲ್ಲಿ ಮಿರಗಕ್ಕೆ ಮುಂಚೆ, ಊರಿನ ಗಂಡಸರೆಲ್ಲ ಬುಟ್ಟಿ ಹಿಡಿದು ಮಾಳಿಗೆ ಏರುತ್ತಿದ್ದರು. ನಮ್ಮ ಮನೆಯಲ್ಲಿ ಏರುತ್ತಿದ್ದವನು ಅಣ್ಣ ಶರಣಪ್ಪ. ಅಪ್ಪನಿಗೆ ಏಣಿ ಕಂಡರೆ ತಲೆ ತಿರುಗುತ್ತಿತ್ತು. ಆದರೆ ಹಾಗೆಂದು ಒಪ್ಪಿಕೊಳ್ಳದೆ, ಅಂಗಳದಲ್ಲಿ ನಿಂತು ಅಣ್ಣನಿಗೆ ಬುದ್ಧಿ ಹೇಳುತ್ತಿದ್ದ.

ಎಷ್ಟು ಮಣ್ಣು ಹಾಕಿದರೂ ಜೋರು ಮಳೆಗೆ ಎಲ್ಲೋ ಒಂದು ಕಡೆ ಸೋರುತ್ತಿತ್ತು. ಅವ್ವ ಕೊಡ, ತಂಬಿಗೆ, ಬೋಗುಣಿ ಸಾಲಾಗಿ ಇಡುತ್ತಿದ್ದಳು. ಆಗ ನನಗೆ ಸಿಗುತ್ತಿದ್ದ ಕೆಲಸ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಣ್ಣ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಆ ಮಳೆಯಲ್ಲೇ ಮಾಳಿಗೆ ಏರುವನು. ಮೇಲಿದ್ದವನಿಗೆ ಒಳಗೆ ಎಲ್ಲಿ ಸೋರುತ್ತಿದೆಯೆಂದು ಹೇಗೆ ತಿಳಿಯಬೇಕು? ನಾನು ಒಳಗಿನಿಂದ ಒನಕೆ ಎತ್ತಿ, ಸೋರುವ ಜಾಗದ ಜಂತಿಗೆ ಟಕ್ ಟಕ್ ಎಂದು ಬಡಿಯಬೇಕು. ಅವನು ಆ ಸದ್ದಿನ ಜಾಡು ಹಿಡಿದು ನಡೆದುಬಂದು, ಸರಿಯಾಗಿ ಅದೇ ಜಾಗದಲ್ಲಿ ಹಿಮ್ಮಡಿಯಿಂದ ಧಪ್ ಎಂದು ಒದೆಯಬೇಕು. ನನ್ನ ಕಣ್ಣಿಗೆ ಮಣ್ಣು ಉದುರಿದರೆ ಜಾಗ ಸರಿ ಎಂದರ್ಥ. ಆಮೇಲೆ ಮಣ್ಣು ಸುರಿದು ಕೊಡತಿಯಿಂದ ಬಡಿಯುವನು. ನಮ್ಮಿಬ್ಬರ ನಡುವೆ ವಯಸ್ಸಿನ ಅಂತರ ಬಹಳ. ಎದುರೆದುರು ಕೂತು ಮಾತಾಡಿದ್ದು ಕಡಿಮೆ. ನಮ್ಮ ಹೆಚ್ಚಿನ ಮಾತುಕತೆ ಆ ಮಣ್ಣಿನ ಮಾಳಿಗೆಯ ಮೂಲಕವೇ ನಡೆಯಿತು ಎಂದು ಈಗ ಅನ್ನಿಸುತ್ತದೆ.

ಪಂಚಮಿ ಬಂದರೆ ಅದೇ ತೊಲೆಗೆ ಅಣ್ಣ ಜೋಕಾಲಿ ಕಟ್ಟುತ್ತಿದ್ದ. ಕಟ್ಟಿ, ಮೊದಲು ತಾನೇ ಜೋತುಬಿದ್ದು ತೂಕ ನೋಡಿ, “ಕುಂದ್ರು ತಂಗಿ, ಏನ್ ಆಗಂಗಿಲ್ಲ” ಎನ್ನುತ್ತಿದ್ದ. ನಾನು ಆಗಲೂ ಕುಳಿತು ಆಡುವವಳಲ್ಲ, ನಿಂತೇ ಜೀಕಬೇಕು. ತೊಲೆ ಕಿರ್ ಕಿರ್ ಎನ್ನುತ್ತಿತ್ತು. ಆ ಕಿರ್ ಬೇರೆ, ಈ ಕುಂಯ್ ಬೇರೆ. ಅದು ಭಾರ ಹೊತ್ತ ಸದ್ದು, ಇದು ನೋವಿನ ಸದ್ದು ಎಂದು ನಾನು ಯಜಮಾನರಿಗೆ ಹೇಳಿದರೆ ಅವರು ನನ್ನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದರು.

ಮದುವೆಯಾಗಿ ಈ ಕಾಲುವೆ ಸೀಮೆಗೆ ಬಂದಾಗ ನನಗೆ ಮೊದಲು ಹೆದರಿಕೆ ಹುಟ್ಟಿಸಿದ್ದು ಅತ್ತೆಯಲ್ಲ, ಇಲ್ಲಿಯ ತೇವ. ತವರಿನಿಂದ ತಂದ ಖಡಕ್ ರೊಟ್ಟಿ ವಾರ ಕಳೆಯುವುದರೊಳಗೆ ಮೆತ್ತಗಾಗಿ ಮಡಚಿಕೊಳ್ಳತೊಡಗಿತು. ತಾವರಗೇರಾದಲ್ಲಿ ಹುಣ್ಣಿಮೆಯಿಂದ ಹುಣ್ಣಿಮೆಗೆ ಇಟ್ಟರೂ ಟಪ್ ಎಂದು ಮುರಿಯುವ ರೊಟ್ಟಿ ಅದು. ಡಬ್ಬಿ ಮುಂದಿಟ್ಟುಕೊಂಡು ನಾನು ಅತ್ತುಬಿಟ್ಟೆ. ಉಪ್ಪು ನೀರಾಗುತ್ತಿತ್ತು, ಕಡ್ಡಿಪೆಟ್ಟಿಗೆ ಹತ್ತುತ್ತಿರಲಿಲ್ಲ. ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ಅಡುಗೆಮನೆಯ ನೆಲ ಬರಿಗಾಲಿಗೆ ತಣ್ಣಗೆ ಬೆವೆತಂತೆ ಹತ್ತುತ್ತಿತ್ತು. ಸುತ್ತ ಹಸಿರು ನೋಡಿ ನೆಂಟರು, ಎಂಥ ಪುಣ್ಯದ ಊರಿಗೆ ಬಿದ್ದಿ ಎನ್ನುತ್ತಿದ್ದರು. ನಾನು ಮಾತ್ರ ರೊಟ್ಟಿಯನ್ನು ಬಿಸಿಲಿಗೆ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ಮಾಡುತ್ತ ಒಳಗೂ ಹೊರಗೂ ಓಡಾಡುತ್ತಿದ್ದೆ.

ಮೂರು ವರ್ಷದ ಹಿಂದೆ ಅಣ್ಣ ಆ ಹಳೆಯ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಿದ. ಒಳ್ಳೆಯದೇ ಆಯಿತು, ಅತ್ತಿಗೆಗೆ ಬೋಗುಣಿ ಇಡುವ ಕಾಟ ತಪ್ಪಿತು. ಜಂತಿಗಳನ್ನು ಯಾರ್ಯಾರೋ ಕೇಳಿ ಒಯ್ದರಂತೆ. ತೊಲೆಯನ್ನೂ ಕೇಳಿದವರಿದ್ದರು. ಅಣ್ಣ ಕೊಡಲಿಲ್ಲ. ಒಂದು ದಿನ ಟ್ರ್ಯಾಕ್ಟರು ನಮ್ಮ ಮನೆಯ ಮುಂದೆ ನಿಂತಿತು. ಟ್ರೇಲರಿನಲ್ಲಿ ಈ ತೊಲೆ, ಒಂದಿಷ್ಟು ಜಂತಿ. ಅದರ ಮೇಲೆ ಕುಳಿತು ಬಂದ ಅಣ್ಣ ಇಳಿದು, ಮೈಯ ಧೂಳು ಜಾಡಿಸಿ, “ನಿನ್ನ ತೊಟ್ಲಾ ಕಟ್ಟಿದ್ದು, ಜೋಕಾಲಿ ಕಟ್ಟಿದ್ದು. ಇದು ನಿಂದ. ನನ್ನ ಹಂತ್ಯಾಕ ಯಾಕ ಇರಬೇಕು?” ಎಂದ. ನನಗೆ ಕಣ್ಣು ತುಂಬಿ ಬಂತು. ಯಜಮಾನರು ಮಾತ್ರ ಅಷ್ಟುದ್ದ ಕಟ್ಟಿಗೆಯನ್ನು ಎಲ್ಲಿಡುವುದೆಂದು ಅಂಗಳ ಅಳೆಯತೊಡಗಿದರು.

ಡೆಕ್ಕಿನ ಯೋಚನೆ ಅವರದ್ದೇ. ಕಾರಟಗಿಯ ಒಂದು ಅಕ್ಕಿ ಗಿರಣಿಯಲ್ಲಿ ಅವರು ಮೇಲ್ವಿಚಾರಕರು. ಗಿರಣಿಯವರ ಯಾವುದೋ ಊಟಕ್ಕೆಂದು ಆನೆಗೊಂದಿ ಕಡೆಯ ರೆಸಾರ್ಟಿಗೆ ಹೋದಾಗ, ಗದ್ದೆಗೆ ಮುಖ ಮಾಡಿದ ಹಲಗೆಯ ಜಗಲಿ ನೋಡಿ ಬಂದಿದ್ದರು. ಬಡಿಗೇರ ಮೌನೇಶ ಬಂದು, ಕಲ್ಲುಗಳ ಮೇಲೆ ತೊಲೆ ಕೂರಿಸಿ, ಜಂತಿ ಅಡ್ಡ ಹಾಕಿ, ಮೇಲೆ ಹಲಗೆ ಸ್ಕ್ರೂ ಮಾಡಿದ. ತಲೆಯ ಮೇಲಿದ್ದದ್ದು ಕಾಲ ಕೆಳಗೆ ಬಂತು ಎಂದು ನನಗೆ ಮೊದಲ ದಿನ ಹಲಗೆ ತುಳಿಯಲು ಕಾಲೇ ಬರಲಿಲ್ಲ. ಬೆರಳ ತುದಿಯಲ್ಲಿ ನಡೆದೆ.

ಮುಂದಿನ ಮಿರಗಕ್ಕೆ ಅಣ್ಣ ಬಂದ. ಹೆಗಲ ಮೇಲೆ ಗೋಣಿಚೀಲ, ಚೀಲದ ತುಂಬ ಸವಳು ಮಣ್ಣು! ತಾವರಗೇರಾದಿಂದ ಗಂಗಾವತಿಗೆ ಬಸ್ಸಿನಲ್ಲಿ, ಅಲ್ಲಿಂದ ಇಲ್ಲಿಗೆ ಟಂಟಂನಲ್ಲಿ. ಕಂಡಕ್ಟರನೊಂದಿಗೆ ಜಗಳವೂ ಆಗಿತ್ತಂತೆ.

“ಎಲ್ಲಾರೂ ತಂಗಿಗೆ ಸೀರಿ ಒಯ್ತಾರ, ನೀ ಏನಪಾ ಮಣ್ಣ ಒಯ್ಯಾಕತ್ತಿ ಅಂದ ಆ ಕಂಡಕ್ಟರ,” ಎಂದು ಅಣ್ಣ ಮುಖ ಗಂಟುಹಾಕಿ ಹೇಳಿದ. “ಸೀರಿ ಅಂಗಡ್ಯಾಗ ಸಿಗತೈತಿ, ಈ ಮಣ್ಣ ನಿಮ್ಮಪ್ಪನ ಅಂಗಡ್ಯಾಗ ಸಿಗತೈತೇನ್ ಅಂದ್ನಿ. ಸುಮ್ಮನಾದ.”

ಕೈಕಾಲು ತೊಳೆದು ಉಣ್ಣು ಅಂದರೆ ಕೇಳಲಿಲ್ಲ. ತಂಗಿಯ ಮನೆಯಲ್ಲಿ ಕೆಲಸ ಮಾಡದೆ ಉಂಡರೆ ಅವನಿಗೆ ಅರಗುವುದಿಲ್ಲ. ಇದು ನಮ್ಮ ಅಪ್ಪನಿಂದ ಬಂದ ಸ್ವಭಾವ. ಅಪ್ಪ ನಮ್ಮ ಸೋದರತ್ತೆಯ ಮನೆಗೆ ಹೋದರೂ ಮೊದಲು ಅವಳ ಎತ್ತಿನ ಕೊರಳ ಹಗ್ಗ ಹೊಸೆದು ಕೊಟ್ಟು, ಆಮೇಲೆ ತಾಟಿನ ಮುಂದೆ ಕೂರುತ್ತಿದ್ದ. ಅಣ್ಣ ಪಕ್ಕದ ಹಲಗೆ ಸರಿಸಿ ಕೆಳಗೆ ನುಸುಳಿ, ತೊಲೆಯ ಎರಡೂ ಬದಿಗೆ, ಕಲ್ಲಿನ ಸಂದಿಗೆ, ತುದಿಗೆ, ತಂದ ಮಣ್ಣನ್ನೆಲ್ಲ ಒತ್ತಿ ಒತ್ತಿ ಕಟ್ಟಿದ. ನೀರು ಚಿಮುಕಿಸಿ ಅಂಗೈಯಿಂದ ಬಡಿದು ನುಣ್ಣಗೆ ಮಾಡಿದ. ಹೊರಬಂದಾಗ ಮೈಯೆಲ್ಲ ಬೆಳ್ಳಗೆ. “ಇನ್ನ ಹನಿ ನೀರ ಹೋಗಂಗಿಲ್ಲ. ಬೇಫಿಕೀರ್ ಇರು,” ಎಂದು ತಟ್ಟೆಯ ಮುಂದೆ ಕುಳಿತ. ಆ ದಿನ ಅವನು ಉಂಡದ್ದನ್ನು ನೋಡಬೇಕಿತ್ತು.

ಯಜಮಾನರು ಒಳಗೆ ಬಂದು ಮೆಲ್ಲಗೆ ಗೊಣಗಿದರು. “ಗೋದಾಮ್ನ್ಯಾಗ ನಾವು ಚೀಲ ನೆಲಕ್ಕ ಹಚ್ಚಂಗಿಲ್ಲ. ಕೆಳಗ ಹಲಗಿ ಇಟ್ಟು ಗಾಳಿ ಆಡಾಕ ಬಿಡ್ತೀವಿ. ಇವರು ನೋಡಿದ್ರ ಇದ್ದ ಸಂದೀನೂ ಮುಚ್ಚ್ಯಾರ.”

“ಹಂಗಾರ ಹೇಳ್ರಿ ನೀವ.”

“ನಾ ಹೆಂಗ ಹೇಳ್ಲಿ? ಹೆಣ್ಣ ಕೊಟ್ಟ ಮನಿಯವ್ರು.”

ನನಗೂ ಹೇಳಬೇಕೆನ್ನಿಸಲಿಲ್ಲ. ಸವಳು ಮಣ್ಣು ತೊಲೆ ಕಾಯುತ್ತದೆ ಎಂದೇ ನಾನೂ ಬೆಳೆದವಳು. ಅದಕ್ಕಿಂತ ಹೆಚ್ಚಾಗಿ, ಆ ಮಣ್ಣಿನ ನೆಪದಲ್ಲಾದರೂ ಅಣ್ಣ ಬಂದನಲ್ಲ ಎಂಬ ಹಿಗ್ಗು. ಅವನು ತಾವರಗೇರಾದಲ್ಲಿ ನೀರು ಬಿಡುವ ಕೆಲಸದವನು. ಬೆಳಗಾದರೆ ವಾಲ್ವು, ಸಂಜೆಯಾದರೆ ವಾಲ್ವು. ಮದುವೆ, ಹಬ್ಬ ಎಂದು ಕರೆದರೆ, “ಊರಿಗೆ ನೀರ ಯಾರ್ ಬಿಡ್ತಾರ?” ಎಂದು ಅತ್ತಿಗೆಯನ್ನು ಕಳಿಸುತ್ತಿದ್ದ. ನನ್ನ ಸಂಸಾರದ ಇಷ್ಟು ವರ್ಷಗಳಲ್ಲಿ ಅವನು ತಾನಾಗಿ ಬಂದದ್ದು ಬೆರಳಲ್ಲಿ ಎಣಿಸುವಷ್ಟು. ಮಣ್ಣಿನ ಕೆಲಸ ಸಿಕ್ಕಮೇಲೆ ಪ್ರತಿ ವರ್ಷ ಮಿರಗಕ್ಕೆ ತಪ್ಪದೆ ಬರತೊಡಗಿದ. ಸ್ಲ್ಯಾಬಿನ ಮನೆಯ ಮೇಲೆ ಅವನಿಗೆ ಮಣ್ಣು ಹಾಕುವ ಕೆಲಸವಿರಲಿಲ್ಲ. ನಮ್ಮ ಡೆಕ್ಕಿನ ಕೆಳಗೆ ಇತ್ತು.

ಈ ವರ್ಷ ಹಲಗೆ ಕುಂಯ್ ಎಂದದ್ದು ಅದಕ್ಕೇ ನನ್ನ ನೆಮ್ಮದಿ ಕೆಡಿಸಿತು. ಎರಡು ದಿನ ತಡೆದೆ. ಅಡುಗೆ ಮಾಡುತ್ತ ಹೊರಗೆ ಬಂದು ಒಮ್ಮೆ ತುಳಿಯುವುದು, ಕುಂಯ್, ಒಳಗೆ ಹೋಗುವುದು. ಬಟ್ಟೆ ಒಣಹಾಕಿ ಬಂದು ಒಮ್ಮೆ ತುಳಿಯುವುದು, ಕುಂಯ್. ಬೇಲಿಯಾಚೆಯಿಂದ ಸುಬ್ಬಮ್ಮ, “ಏಮಮ್ಮಾ ನರ್ಸಮ್ಮಾ, ಡ್ಯಾನ್ಸು ಕಲಿತಾ ಇದ್ದೀರಾ?” ಎಂದು ಕೇಳಿದಳು. ಕೊನೆಗೆ ಯಜಮಾನರು ಗಿರಣಿಗೆ ಹೋದದ್ದೇ ಸ್ಕ್ರೂ ತಿರುಗಿಸುವುದನ್ನು ಹಿಡಿದು ಕುಳಿತೆ. ತಿರುಗಿಸುವ ಅಗತ್ಯವೇ ಬೀಳಲಿಲ್ಲ. ಕೆಳಗಿನ ಕಟ್ಟಿಗೆಯಲ್ಲಿ ಹಿಡಿತವೇ ಇಲ್ಲದೆ ಸ್ಕ್ರೂ ಬೆರಳಿಗೇ ಬಂತು.

ಹಲಗೆ ಎತ್ತಿದೆ. ಕೆಳಗಿನಿಂದ ಒಂದು ವಾಸನೆ ಬಂತು. ಹಳೆಯ ಬಾವಿಯ ವಾಸನೆ. ಹೊರಗಿನಿಂದ ಒಣಗಿದಂತೆ ಕಾಣುತ್ತಿದ್ದ ಸವಳು ಮಣ್ಣು ಒಳಗೆ ಹಸಿಹಸಿಯಾಗಿ ಜಿಗುಟಾಗಿತ್ತು. ಅದನ್ನು ಕೆರೆದು ತೊಲೆಯ ತುದಿಗೆ ಹೆಬ್ಬೆರಳು ಒತ್ತಿದೆ. ಬಾವು ಬಂದ ಕಾಲನ್ನು ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತದಲ್ಲ, ಹಾಗೆ ಉಳಿಯಿತು. ಆ ಗುಳಿ ಕಂಡಾಗಲೆಲ್ಲ ನಾನು ಬಸುರಿಯರ ಮನೆಯವರಿಗೆ ಧೈರ್ಯ ಹೇಳುತ್ತಿದ್ದೆ. ಈಗ ನನಗೆ ಹೇಳುವವರು ಯಾರೂ ಇರಲಿಲ್ಲ. ಹಲಗೆ ಮುಚ್ಚಿ ಅದರ ಮೇಲೆಯೇ ಕುಳಿತೆ. ಬಹುಶಃ ಆ ಡೆಕ್ಕಿನ ಮೇಲೆ ನಾನು ಅಷ್ಟು ಹೊತ್ತು ಕೂತದ್ದು ಅದೇ ಮೊದಲು.

ನನ್ನ ಫೋನಿನಿಂದ ಸುದ್ದಿ ತಿಳಿದು ಸಂಜೆ ಯಜಮಾನರು ಗಿರಣಿಯಿಂದ ಭತ್ತದ ಹಸಿ ನೋಡುವ ಯಂತ್ರವನ್ನೇ ಹಿಡಿದು ಬಂದರು. ಅದರೊಳಗೆ ಕಾಳು ಹಾಕಬೇಕು, ತೊಲೆ ಹಾಕಲಾಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಆದರೂ ತುದಿಯಿಂದ ಒಂದು ಚೂರು ಮುರಿದು ಹಾಕಿದರು. ಯಂತ್ರ ಏನೇನೋ ಅಂಕಿ ತೋರಿಸಿ ಆರಿಹೋಯಿತು. ಅವರು ಚೂರನ್ನು ತೆಗೆದು, ಭತ್ತದ ಕಾಳು ನೋಡುವ ಅಭ್ಯಾಸದಂತೆ ಬಾಯಿಗೆ ಹಾಕಿ ಕಡಿದರು. “ಭಾಳ ಹಸಿ ಐತಿ,” ಎಂದು ಉಗುಳಿದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಮಣ್ಣು ತೆಗೆದು, ಗಾಳಿ ಆಡಾಕ ಬಿಟ್ಟು, ತುದಿ ಕೊಯ್ಸಿದ್ರ ಉಳದದ್ದು ಉಳೀತೈತಿ. ಹಂಗ ಬಿಟ್ರ ಬರೂ ವರ್ಷ ಪೂರಾ ಹೋಗತೈತಿ. ಶರಣಪ್ಪಣ್ಣಗ ಫೋನ್ ಮಾಡಿ ಮಣ್ಣ ತರಬ್ಯಾಡ ಅನ್ನು,” ಎಂದರು.

ಫೋನು ಕೈಯಲ್ಲಿ ಹಿಡಿದು ಅಂಗಳದ ತುದಿಯಿಂದ ತುದಿಗೆ ನಡೆದೆ. ಏನೆಂದು ಹೇಳುವುದು? ನಿನ್ನ ಮಣ್ಣೇ ತೊಲೆಯನ್ನು ತಿಂದಿದೆ ಎನ್ನಲೇ? ಮಣ್ಣು ತರಬೇಡ ಎಂದರೆ ಬರಬೇಡ ಎಂದೇ ಅವನಿಗೆ ಕೇಳುತ್ತದೆ. ಬರಿಗೈಲಿ ಬಾ ಎಂದರೆ ಅವನು ಬರುವವನಲ್ಲ. ಹೇಳದಿದ್ದರೆ ತೊಲೆ ಹೋಗುತ್ತದೆ, ಹೇಳಿದರೆ ಅಣ್ಣ ಹೋಗುತ್ತಾನೆ. ಮಣ್ಣು ಗಿಣ್ಣು ಏನೂ ಬೇಡ, ಇಬ್ಬರೂ ಇರಬೇಕು ನನಗೆ ಎಂದು ಒಬ್ಬಳೇ ಜೋರಾಗಿ ಅಂದುಬಿಟ್ಟೆ. ಸುಬ್ಬಮ್ಮ ಬೇಲಿಯಾಚೆಯಿಂದ ಇಣುಕಿ, ಏನೂ ಕೇಳದೆ ಹೋದಳು. ಫೋನು ಮಾಡಲಿಲ್ಲ. ಅವನು ಬಂದಾಗ ಹೇಳಿದರಾಯಿತು ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತ, ಅಳಿಸುತ್ತ ದಿನ ದೂಡಿದೆ. ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಅಣ್ಣ ಬಂದದ್ದು ಮೋಡ ಕವಿದ ಮುಂಜಾನೆ. ಹೆಗಲ ಮೇಲೆ ಚೀಲ. ನಾನು ನೀರು ಕೊಟ್ಟು, “ಅಣ್ಣಾ, ಮೊದ್ಲ ಉಣ್ಣು. ಆಮ್ಯಾಲ ನೋಡೂಣಂತ,” ಎಂದೆ. “ಮಳಿ ತಲಿ ಮ್ಯಾಲ ಬಂದೈತಿ, ಉಣ್ಣೂದೇನ್ ಅವಸರ?” ಎಂದವನೇ ಹೋಗಿ ಹಲಗೆ ತೆಗೆದ. ಜೋಡಿಸಿಟ್ಟ ಮಾತನ್ನೆಲ್ಲ ಬಿಟ್ಟು ನಾನು ಅವನ ಹಿಂದೆ ಓಡಿದೆ. ಯಜಮಾನರು ಬಾಗಿಲಲ್ಲಿ ಪೇಪರು ಹಿಡಿದು, ಅದನ್ನು ತಲೆಕೆಳಗಾಗಿ ಓದುತ್ತ ನಿಂತಿದ್ದರು.

ಅಣ್ಣ ಕೆಳಗೆ ನುಸುಳಿದ. ಆಮೇಲೆ ಮಣ್ಣು ಕೆರೆಯುವ ಸದ್ದು. ಹಾಕುವ ಸದ್ದಲ್ಲ, ತೆಗೆಯುವ ಸದ್ದು. ನನಗೆ ನಿಲ್ಲಲಾಗಲಿಲ್ಲ. ಮೇಲೆ ಹತ್ತಿ, ಇಳಿದು, ಮತ್ತೆ ಹತ್ತಿ ಹಲಗೆಯ ಮೇಲೆ ನಿಂತೆ.

“ಗಿರಿಜವ್ವಾ,” ಎಂದು ಕೆಳಗಿನಿಂದ ಅವನ ಧ್ವನಿ ಬಂತು.

“ಹೇಳಣ್ಣಾ.”

“ಅಲ್ಲೇ ನಿಂದ್ರು. ನಾ ಬಡಿತೀನಿ. ಯಾವ ಕಡೆ ಗಟ್ಟಿ ಕೇಳತೈತಿ, ಅಲ್ಲಿ ಒದಿ.”

ಅವನು ತೊಲೆಯನ್ನು ಕಲ್ಲಿನಿಂದ ಬಡಿಯತೊಡಗಿದ. ತುದಿಯಲ್ಲಿ ಬುಸ್ ಬುಸ್, ಒದ್ದೆ ಚೀಲ ಬಡಿದ ಸದ್ದು. ಒಂದು ಗೇಣು ಈಚೆ ಬಂದ, ಅದೇ ಸದ್ದು. ಇನ್ನೊಂದು ಗೇಣು, ಅದೇ. ಮತ್ತೊಂದು ಗೇಣು ಈಚೆ ಬಂದಾಗ ಟಣ್ ಎಂದಿತು. ಕಬ್ಬಿಣ ಬಡಿದ ಹಾಗೆ, ನಮ್ಮ ಹಳೆಯ ಮನೆಯಲ್ಲಿ ನನ್ನ ಒನಕೆಗೆ ಕೊಡುತ್ತಿದ್ದ ಅದೇ ಉತ್ತರ. ನಾನು ಇದ್ದ ಶಕ್ತಿಯನ್ನೆಲ್ಲ ಹಿಮ್ಮಡಿಗೆ ತಂದು ಧಪ್ ಎಂದು ಒದ್ದೆ.

“ಏ, ಕಣ್ಣಾಗ ಮಣ್ಣ ಬಿತ್ತಲೇ!” ಎಂದು ಕೆಳಗಿನಿಂದ ಕೂಗಿದ. ಕೂಗುತ್ತಲೇ ನಕ್ಕ. ನಾನು ಮೇಲೆ ನಿಂತು ಅಳುತ್ತಿದ್ದೆ.

ಹೊರಗೆ ಬಂದವನು ನನ್ನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಹಸಿ ಮಣ್ಣನ್ನು ಹಿಸುಕುತ್ತ ಗದ್ದೆಯ ಕಡೆ ನೋಡುತ್ತ ಕುಳಿತ. ಗದ್ದೆಯ ಬದುವಿನವರೆಗೂ ನೀರು ನಿಂತಿತ್ತು.

“ಮ್ಯಾಲಿಂದ ಬರೂ ನೀರಷ್ಟ ನನಗ ಗೊತ್ತು ತಂಗಿ,” ಎಂದ. “ನಮ್ಮೂರಾಗ ನೀರು ಮ್ಯಾಲಿಂದ ಬರತೈತಿ, ಇಲ್ಲಂದ್ರ ಪೈಪಿನ್ಯಾಗ ಬರತೈತಿ. ಹಿಂಗ ನೆಲದಾಗಿಂದ ತಾನ ಏರಿ ಬರತೈತಂತ ಯಾವನಿಗೆ ಗೊತ್ತಿತ್ತು? ಹೊರಗಿನ ನೀರ ಒಳಗ ಬರಬಾರ್ದಂತ ಕಟ್ಟಿದ್ನಿ. ಒಳಗಿಂದಕ್ಕ ಹೊರಗ ಹೋಗಾಕ ದಾರಿನ ಬಿಡ್ಲಿಲ್ಲ.”

“ನಿನ್ನ ತಪ್ಪಲ್ಲಣ್ಣಾ,” ಎಂದೆ. ಇಷ್ಟು ದಿನ ಜೋಡಿಸಿದ ಮಾತುಗಳಲ್ಲಿ ಇದೊಂದು ಇರಲೇ ಇಲ್ಲ.

ಮೌನೇಶನಿಗೆ ಫೋನು ಹೋಯಿತು. ಎಂದೂ ಹೇಳಿದ ಹೊತ್ತಿಗೆ ಬಾರದ ಅವನು ಅಂದು ದೇವರು ಬಂದಂತೆ ಬಂದ. ಕೆಟ್ಟ ತುದಿ ಕೊಯ್ದು, ಒಂದು ಕಲ್ಲು ಈಚೆ ಸರಿಸಿ, ಉಳಿದ ತೊಲೆಗೆ ಬೇವಿನೆಣ್ಣೆ ಬಳಿದು, ಬೆನ್ನಿಗೆ ಡಾಂಬರು ಶೀಟು ಹಾಸಿ, ಹಲಗೆ ಹಾಕಿದ. ಸುತ್ತ ಎಲ್ಲ ಕಡೆ ಸಂದಿ ಬಿಟ್ಟ. ಅಣ್ಣ ತಾನು ಎರಡು ವರ್ಷ ಹಾಕಿದ ಮಣ್ಣನ್ನೆಲ್ಲ ತಾನೇ ಬುಟ್ಟಿಯಲ್ಲಿ ಹೊತ್ತು ರಸ್ತೆಯ ಗುಂಡಿಗೆ ಸುರಿದ, ಈ ಸಲ ತಂದದ್ದನ್ನೂ ಸುರಿದ. ಕೊಯ್ದ ತುಂಡನ್ನು ಮಾತ್ರ ಮೋಡದ ಸಂದಿಯಿಂದ ಬಂದ ಬಿಸಿಲಿಗೆ ಇಟ್ಟ. ಉಂಡ, ಆದರೆ ಅರ್ಧ ಉಂಡ. ಖಾಲಿ ಚೀಲವನ್ನು ಜಾಡಿಸಿ ಅಚ್ಚುಕಟ್ಟಾಗಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡ. ಹಿಂದಿನ ವರ್ಷಗಳಲ್ಲಿ ಚೀಲ ಇಲ್ಲೇ ಬಿಟ್ಟು ಹೋಗುತ್ತಿದ್ದ. ಇನ್ನು ಬರುವುದಿಲ್ಲ ಇವನು ಎಂದುಕೊಂಡೆ.

ಹೊರಟವನು ಮೆಟ್ಟಿಲಲ್ಲಿ ನಿಂತು, ಯಜಮಾನರ ಕಡೆ ತಿರುಗಿ, ಗ್ರಾಮಸಭೆಯಲ್ಲಿ ನೀರಿನ ಲೆಕ್ಕ ಕೇಳುವ ಧ್ವನಿಯಲ್ಲಿ ಕೇಳಿದ.

“ಮಾಮಾರ, ಈ ಹಲಗಿ ತೆಗೆದು ಒಳಗ ಗಾಳಿ ಆಡ್ಸಾಕ, ಕಸ ತೆಗ್ಯಾಕ, ವರ್ಷಕ್ಕ ಎಷ್ಟ್ ಸಲ ಮಾಡ್ಬೇಕಾಕೈತ್ರಿ?”

“ಒಂದ ಸಲ ಸಾಕ್ರಿ. ಮಳಿಗಾಲ ಮುಗಿದ ಮ್ಯಾಲ ಮೌನೇಶಗ ಹೇಳಿದ್ರ…” ಎಂದು ಯಜಮಾನರು ಶುರುಮಾಡಿದರು. ನಾನು ಅವರ ಕಾಲನ್ನು ತುಳಿದೆ. ಭತ್ತದ ಹಸಿ ಬೇಗ ತಿಳಿಯುವವರು, ಹೆಂಡತಿಯ ಮುಖದ ಹಸಿ ತಡವಾಗಿ ತಿಳಿಯುವವರು. ಇನ್ನೊಮ್ಮೆ ತುಳಿದೆ. ತಿಳಿಯಿತು. “ಅಂದ್ರ… ಗೋದಾಮಿನ ಲೆಕ್ಕ ಹೇಳಿದ್ನಿರಿ. ಇದಕ್ಕ ಒಂದ ಸಲ ಎಲ್ಲಿ ಸಾಲ್ತೈತಿ? ನೀರಿನ ಊರಲ್ರಿ ಇದು. ಮೌನೇಶನ ಕೈಲೆ ಆಗೂದಲ್ರಿ, ಮನೀ ಮನಿಷಾನ ಬೇಕು.”

“ಹಂಗಾರ ಮಿರಗಕ್ಕೊಮ್ಮಿ,” ಎಂದು ಅಣ್ಣ ಬೆರಳು ಮಡಚಿದ. “ಪಂಚಮಿಗೊಮ್ಮಿ. ದೀಪಾವಳಿಗೊಮ್ಮಿ.” ಕತ್ತೆತ್ತಿ, “ಭಾಳ ತ್ರಾಸ ಆತಲ್ಲ ಮಾರಾಯ! ಊರಿಗೆ ನೀರ ಯಾರ ಬಿಡಬೇಕು?” ಎಂದು ಬೈದುಕೊಂಡ. ಬೈಯುತ್ತಿದ್ದವನ ಮುಖ ಹಿಗ್ಗಿನಿಂದ ತುಂಬಿತ್ತು.

ಆಮೇಲೆ ಒಂದು ಕೆಲಸ ಮಾಡಿದ. ಕಂಕುಳಲ್ಲಿದ್ದ ಚೀಲ ಬಿಚ್ಚಿ, ಮತ್ತೆ ಬಗ್ಗಿ, ಹೊಸದಾಗಿ ಕೊಯ್ದ ತೊಲೆಯ ತುದಿಗೆ ಅದನ್ನು ಸುತ್ತಿ ಸುತ್ತಿ ಸುತಳಿಯಿಂದ ಬಿಗಿಯಾಗಿ ಕಟ್ಟಿದ. ಗಾಳಿ ಆಡಲೆಂದು ಬಿಟ್ಟ ಸಂದಿಯೇ ಅದು. ಆದರೆ ಕೊಯ್ದ ಗಾಯ ತೆರೆದಿಟ್ಟು ಹೋಗಲು ಅವನಿಗೆ ಮನಸ್ಸು ಬರಲಿಲ್ಲ. “ಥಂಡಿ ಹತ್ತಬಾರ್ದು,” ಎಂದ. ಯಜಮಾನರು ಬಾಯಿ ತೆರೆದರು. ನಾನು ಕಾಲು ಎತ್ತಿದ್ದು ನೋಡಿ ಮುಚ್ಚಿದರು. ಕೊಯ್ದ ತುಂಡನ್ನು ಎದೆಗೆ ಒತ್ತಿಕೊಂಡು ಅಣ್ಣ ಟಂಟಂ ಹತ್ತಿದ.

ಟಂಟಂ ತಿರುವು ದಾಟಿದ ಕೂಡಲೆ ನಾನು ಕೆಳಗೆ ನುಸುಳಿ ಚೀಲ ಬಿಚ್ಚಿದೆ. ಒದ್ದೆ ಹೀರುವ ಗೋಣಿ, ಒಂದು ವಾರ ಇದ್ದರೆ ಸಾಕು, ತೊಲೆ ಮತ್ತೆ ಮೆತ್ತಗಾಗುತ್ತದೆ. ಜಾಡಿಸಿ, ಒಣಗಿಸಿ, ಮಡಚಿ ಅಟ್ಟದ ಮೇಲಿಟ್ಟೆ. ಪಂಚಮಿಯ ಹಿಂದಿನ ದಿನ ಅಣ್ಣ, “ನಾಳೆ ಮುಂಜಾನಿ ಬಸ್ಸಿಗೆ ಬರ್ತೀನಿ,” ಎಂದು ಫೋನು ಮಾಡಿದ. ನಾನು ಮುಂಜಾನೆ ಎದ್ದವಳೇ ಸೀರೆ ಎತ್ತಿ ಕಟ್ಟಿ ಡೆಕ್ಕಿನ ಕೆಳಗೆ ಹೋಗಿ, ಅವನು ಹಾಕಿದ್ದ ಗಂಟನ್ನೇ ಹಾಕಿ ಚೀಲ ಕಟ್ಟಿದೆ. ಬಂದವನು ಮೊದಲು ಅದನ್ನೇ ಮುಟ್ಟಿ ನೋಡಿದ. “ನೋಡಿದ್ಯಾ? ಹೆಂಗ ಒಣಗೈತಿ!” ಎಂದ. ಆಮೇಲೆ ಕುಳಿತು ಹೊಟ್ಟೆ ತುಂಬ ಉಂಡ.